ಕೋಡೇ ಡಾಕ್ಯುಮೆಂಟಂತೆ!

"ಕೋಡ್ ನೋಡಿದ್ರೆ ಗೊತ್ತಾಗುತ್ತೆ ಬಿಡಿ."

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಸುಳ್ಳನ್ನು ಇಷ್ಟು ಮುಗ್ಧ ಮುಖ ಇಟ್ಟುಕೊಂಡು ಹೇಳುವುದನ್ನು ನಾನು ಕೇಳಿಲ್ಲ. ತಂಡಕ್ಕೆ ಹೊಸದಾಗಿ ಸೇರಿದವರು "ಈ ಮಾಡ್ಯೂಲ್‌ನ ಆರ್ಕಿಟೆಕ್ಚರ್ ಡಾಕ್ಯುಮೆಂಟ್ ಎಲ್ಲಿದೆ?" ಅಂತ ಕೇಳಿದಾಗ ಸೀನಿಯರ್ ಒಬ್ಬರು ಕಾಫಿ ಕಪ್ ಕೂಡ ಕೆಳಗಿಡದೆ ಕೊಡುವ ಉತ್ತರ ಇದು. ಸ್ವಲ್ಪ ಓದಿಕೊಂಡವರಾದರೆ ಇದನ್ನೇ ಸಿದ್ಧಾಂತ ಮಾಡಿ, "ಒಳ್ಳೆಯ ಕೋಡೇ ಒಳ್ಳೆಯ ಡಾಕ್ಯುಮೆಂಟು" ಅನ್ನುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುವ ಧಾಟಿ. ಹುಣ್ಣು ಅಂಗೈಯಲ್ಲಿದ್ದರೆ ಸರಿ ಸ್ವಾಮಿ, ಬೆನ್ನಲ್ಲಿದ್ದರೆ?

ಕೋಡ್ ಏನು ಮಾಡುತ್ತದೆ ಅನ್ನುವುದನ್ನು ಕೋಡ್ ಹೇಳುತ್ತದೆ, ಒಪ್ಪೋಣ. ಆದರೆ ಅದನ್ನು ಹೀಗೇ ಯಾಕೆ ಮಾಡಿದರು, ಬೇರೆ ಯಾವ ದಾರಿ ನೋಡಿ ಬಿಟ್ಟರು, ಯಾವುದನ್ನು ಮಾಡಲೇಬಾರದು ಅಂತ ತೀರ್ಮಾನಿಸಿದರು ಅನ್ನುವುದು ಯಾವ ಫೈಲಿನ ಯಾವ ಸಾಲಿನಲ್ಲೂ ಇರುವುದಿಲ್ಲ. ಈ ಮಾತು ಎಲ್ಲ ಸಾಫ್ಟ್‌ವೇರಿಗೂ ನಿಜ. ಕೋಡ್ ಎಡಿಟರ್‌ನ ಪ್ಲಗಿನ್‌ಗಳಿಗಂತೂ ನೂರಕ್ಕೆ ನೂರು ನಿಜ. ನಾವೆಲ್ಲ ದಿನಕ್ಕೆ ಎಂಟು ಹತ್ತು ಗಂಟೆ ಯಾವುದೋ ಎಡಿಟರ್ ಮುಂದೆ ಕೂತಿರುತ್ತೇವೆ, ಅದರಲ್ಲಿ ಹತ್ತಿಪ್ಪತ್ತು ಪ್ಲಗಿನ್ ಹಾಕಿಕೊಂಡಿರುತ್ತೇವೆ. ಹಾಗಾಗಿ ಅಲ್ಲಿಂದಲೇ ಜಗಳ ಶುರು ಮಾಡೋಣ.

ಪ್ಲಗಿನ್ ಅಂದರೆ ಬಾಡಿಗೆ ಮನೆಯಲ್ಲಿರುವ ಸಂಸಾರ. ಮನೆ ಎಡಿಟರ್‌ದು, ಸಂಸಾರ ನಿಮ್ಮದು. ಗೋಡೆಗೆ ಮೊಳೆ ಹೊಡೆಯಬಹುದೇ, ರಾತ್ರಿ ಎಷ್ಟು ಹೊತ್ತಿಗೆ ಗೇಟ್ ಹಾಕುತ್ತಾರೆ, ನೀರು ಯಾವಾಗ ಬರುತ್ತೆ ಎಲ್ಲವೂ ಓನರ್ ಇಟ್ಟ ಹಾಗೆ. ವಿಎಸ್ ಕೋಡ್ ತೆಗೆದುಕೊಳ್ಳಿ. ಅದರಲ್ಲಿ ಎಕ್ಸ್‌ಟೆನ್ಷನ್‌ಗಳು ಎಡಿಟರ್ ಕಿಟಕಿಯ ಒಳಗೆ ಓಡುವುದಿಲ್ಲ. ಎಕ್ಸ್‌ಟೆನ್ಷನ್ ಹೋಸ್ಟ್ ಅನ್ನುವ ಬೇರೆಯದೇ ಪ್ರೊಸೆಸ್‌ನಲ್ಲಿ ಓಡುತ್ತವೆ. ಪರದೆಯ ಡಾಮ್ ಅನ್ನು ಅವು ಮುಟ್ಟುವ ಹಾಗಿಲ್ಲ. ಯಾವಾಗ ಏಳಬೇಕು ಅನ್ನುವುದನ್ನು ಮೊದಲೇ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಬರೆದು ಕೊಡಬೇಕು. ಪೈಥಾನ್ ಫೈಲ್ ತೆರೆದಾಗ ಎಬ್ಬಿಸು ಅಂತ ಬರೆದರೆ ಅಲ್ಲಿಯವರೆಗೂ ಮಲಗಿರುತ್ತದೆ. ಈ ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ. ಗಿಟ್‌ಹಬ್‌ನ ಆಟಮ್ ಎಡಿಟರ್‌ನಲ್ಲಿ ಓನರ್ ಬಹಳ ಧಾರಾಳಿ. ಪ್ಯಾಕೇಜ್‌ಗಳು ಎಡಿಟರ್ ಕಿಟಕಿಯ ಒಳಗೇ ಓಡಬಹುದಿತ್ತು, ಪರದೆಯ ಯಾವ ಮೂಲೆಗೆ ಬೇಕಾದರೂ ಕೈ ಹಾಕಬಹುದಿತ್ತು. ಸ್ವಾತಂತ್ರ್ಯ ಭರ್ಜರಿ. ಆದರೆ ಒಂದು ಪ್ಯಾಕೇಜ್ ಮುಗ್ಗರಿಸಿದರೆ ಇಡೀ ಕಿಟಕಿ ತತ್ತರಿಸುತ್ತಿತ್ತು. 2022ರ ಡಿಸೆಂಬರ್ 15ಕ್ಕೆ ಗಿಟ್‌ಹಬ್ ಆಟಮ್‌ಗೆ ಬಾಗಿಲು ಹಾಕಿತು. ಮನೆಯೇ ಹೋದ ಮೇಲೆ ಬಾಡಿಗೆದಾರರ ಪಾತ್ರೆ ಪಗಡ ಎಲ್ಲಿಡುವುದು?

ಹೀಗಿರುವಾಗ ಪ್ಲಗಿನ್‌ನ ಕೋಡ್ ಅರ್ಧ ಮಾತುಕತೆ ಮಾತ್ರ. ಫೋನಿನಲ್ಲಿ ಒಬ್ಬರು ಮಾತಾಡುತ್ತಿರುವಾಗ ಪಕ್ಕದಲ್ಲಿ ಕೂತು ಕೇಳಿದ ಹಾಗೆ. "ಹೂಂ… ಇಲ್ಲ ಇಲ್ಲ… ಹಾಗಾದ್ರೆ ನಾಳೆ" ಅಂತ ಇತ್ತಲಿನ ಮಾತಷ್ಟೇ ಕಿವಿಗೆ ಬೀಳುತ್ತೆ. ಅತ್ತ ಕಡೆಯವರು ಏನಂದರು ಅನ್ನುವುದು ಎಡಿಟರ್‌ನ ನಿಯಮಗಳಲ್ಲಿದೆ. ಆ ನಿಯಮಕ್ಕೆ ನಾವು ಹೇಗೆ ಬಗ್ಗಿದೆವು ಅನ್ನುವುದು ಬರೆದವರ ತಲೆಯಲ್ಲಿದೆ.

ಇದು ಬರೀ ವಾದವಲ್ಲ ಅಂತ ತೋರಿಸಲು ನಾನು ಕೆಲಸ ಮಾಡಿದ ಒಂದು ತಂಡದ ಕತೆ ಹೇಳುತ್ತೇನೆ. ಕಂಪನಿಯ ಒಳಬಳಕೆಗೆ ಒಂದು ಪ್ಲಗಿನ್ ಇತ್ತು. ಫೈಲ್ ಸೇವ್ ಮಾಡುವ ಮುಂಚೆ ಕೋಡನ್ನು ನಮ್ಮ ಶೈಲಿಗೆ ಜೋಡಿಸಿಕೊಡುವ ಪ್ಲಗಿನ್. ಅದು ಇಡೀ ಫೈಲನ್ನು ಜೋಡಿಸುತ್ತಿರಲಿಲ್ಲ, ಬದಲಾದ ಸಾಲುಗಳನ್ನಷ್ಟೇ ಹುಡುಕಿ ತೆಗೆದು ಸರಿಮಾಡುತ್ತಿತ್ತು. ಹುಡುಕಲು ಇನ್ನೂರು ಸಾಲಿನ ಜಟಿಲ ಕೋಡು. ಹೊಸದಾಗಿ ಬಂದ ಹುಡುಗಿಯೊಬ್ಬಳು ಅದನ್ನು ನೋಡಿ, ಇದೆಲ್ಲ ಯಾಕೆ ಅಂತ ಇಪ್ಪತ್ತು ಸಾಲಿಗೆ ಇಳಿಸಿದಳು. ಇಡೀ ಫೈಲ್ ತಗೋ, ಜೋಡಿಸು, ಮುಗಿಯಿತು. ಓದಲು ಎಷ್ಟು ಚೆಂದ ಅಂದರೆ ರಿವ್ಯೂ ಮಾಡಿದ ಇಬ್ಬರೂ ಶಹಬ್ಬಾಸ್ ಅಂದರು. ಟೆಸ್ಟ್ ಎಲ್ಲ ಪಾಸ್.

ನಾಲ್ಕು ದಿನ ಬಿಟ್ಟು ದೂರು ಶುರುವಾಯಿತು. "ಒಮ್ಮೊಮ್ಮೆ ಕೆಲಸ ಮಾಡುತ್ತೆ, ಒಮ್ಮೊಮ್ಮೆ ಇಲ್ಲ." ಎರರ್ ಇಲ್ಲ, ಲಾಗ್‌ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ವಾರ ಮೂರು ಜನ ತಲೆ ಕೆರೆದುಕೊಂಡರು. ಕೊನೆಗೆ ಯಾರೋ ಆ ಪ್ಲಗಿನ್‌ನ ಮೂಲ ಕರ್ತೃವಿಗೆ ವಾಟ್ಸಾಪ್ ಮಾಡಿದರು. ಆತ ಕೆಲಸ ಬಿಟ್ಟು ವರ್ಷವಾಗಿತ್ತು. ಐದು ನಿಮಿಷದಲ್ಲಿ ಉತ್ತರ ಬಂತು: "ಓ ಅದಾ? ದೊಡ್ಡ ಫೈಲ್‌ಗೆ ಟೈಮ್ ಬಜೆಟ್ ಮೀರುತ್ತೆ, ಅದಕ್ಕೇ ಹಾಗೆ ಮಾಡಿದ್ದೆ."

ಸಂಗತಿ ಇಷ್ಟೇ. ವಿಎಸ್ ಕೋಡ್‌ನಲ್ಲಿ ಸೇವ್‌ಗೆ ಮುಂಚಿನ ಆ ಘಳಿಗೆಗೆ ಕಾದು ಕೂತ ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಸೇರಿ ಒಂದೂವರೆ ಸೆಕೆಂಡ್ ಕಾಲಾವಕಾಶ. ಅದು ಮುಗಿದರೆ ಸಾಲಿನಲ್ಲಿ ಉಳಿದವರನ್ನು ಕರೆಯುವುದೇ ಇಲ್ಲ. ಮೂರು ಸಲ ತಪ್ಪಿ ನಡೆದವರನ್ನು ಆಮೇಲೆ ತಿರುಗಿಯೂ ನೋಡುವುದಿಲ್ಲ. ಬಳಸುವವರ ಫೈಲ್ ಸೇವ್ ಆಗುವುದು ನಿಮ್ಮ ಅಲಂಕಾರಕ್ಕಿಂತ ಮುಖ್ಯ ಅನ್ನುವುದು ಓನರ್ ನಿಲುವು, ನ್ಯಾಯವಾದದ್ದೇ. ಈ ನಿಯಮ ಎಪಿಐ ವಿವರಣೆಯಲ್ಲಿದೆ. ಆದರೆ ನಮ್ಮ ಇನ್ನೂರು ಸಾಲು ಹುಟ್ಟಿದ್ದು ಆ ನಿಯಮದಿಂದ ಅನ್ನುವ ಕೊಂಡಿ ಎಲ್ಲೂ ಇರಲಿಲ್ಲ. ಆ ವಾಟ್ಸಾಪ್ ಮೆಸೇಜಿನ ಅಳತೆಯ ಎರಡು ಸಾಲು ರೆಪೊದಲ್ಲಿ ಇದ್ದಿದ್ದರೆ ಒಂದು ವಾರ ಉಳಿಯುತ್ತಿತ್ತು. ಆಮೇಲೆ ನಡೆದ ಮೀಟಿಂಗ್‌ನಲ್ಲಿ ಪದೇ ಪದೇ ಬಂದ ಹೆಸರು ಆ ಹುಡುಗಿಯದು. ಬರೆಯದೇ ಬಿಟ್ಟ ಆ ಎರಡು ಸಾಲಿಗೆ ಯಾರ ಹೆಸರೂ ಇರಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ. ಡಾಕ್ಯುಮೆಂಟ್ ಬರೆಯದಿರುವುದರ ದಂಡವನ್ನು ಬರೆಯದವರು ಯಾವತ್ತೂ ಕಟ್ಟುವುದಿಲ್ಲ. ಆಮೇಲೆ ಬಂದವರು ಕಟ್ಟುತ್ತಾರೆ.

ಹಾಗಾದರೆ ಚೆನ್ನಾಗಿ ಬರೆದ ಉದಾಹರಣೆ ಇದೆಯೇ ಅಂದರೆ ಇದೆ. ರಸ್ಟ್ ಭಾಷೆಗೆ ರಸ್ಟ್-ಅನಲೈಜರ್ ಅಂತ ಒಂದು ಪ್ರಾಜೆಕ್ಟ್. ನೀವು ಎಡಿಟರ್‌ನಲ್ಲಿ ರಸ್ಟ್ ಕೋಡ್ ಬರೆಯುವಾಗ ಹಿಂದೆ ಕೂತು ತಪ್ಪು ತೋರಿಸುವುದು, ಮುಂದಿನ ಪದ ಸೂಚಿಸುವುದು ಎಲ್ಲ ಇದರ ಕೆಲಸ. ಅದನ್ನು ಶುರು ಮಾಡಿದ ಅಲೆಕ್ಸಿ ಕ್ಲಾಡೋವ್ 2021ರಲ್ಲಿ ಒಂದು ಚಿಕ್ಕ ಲೇಖನ ಬರೆದು, ಪ್ರತಿ ಪ್ರಾಜೆಕ್ಟ್‌ನಲ್ಲೂ ಆರ್ಕಿಟೆಕ್ಚರ್ ಡಾಟ್ ಎಂಡಿ ಅನ್ನುವ ಒಂದು ಫೈಲ್ ಇರಲಿ, ಚಿಕ್ಕದಾಗಿರಲಿ, ಪದೇ ಪದೇ ಬದಲಾಗದ ಸಂಗತಿಗಳಷ್ಟೇ ಅದರಲ್ಲಿರಲಿ ಅಂದರು. ಅವರ ಪ್ರಾಜೆಕ್ಟ್‌ನಲ್ಲೇ ಅಂಥ ಫೈಲ್ ಇದೆ. ಅದರಲ್ಲಿ ನನಗೆ ಇಷ್ಟವಾಗುವುದು 'ಆರ್ಕಿಟೆಕ್ಚರ್ ಇನ್ವೇರಿಯಂಟ್' ಅಂತ ಗುರುತು ಹಾಕಿ ಬರೆದ ಸಾಲುಗಳು. ಅಂದರೆ ಯಾವತ್ತೂ ಮುರಿಯಬಾರದ ಕಟ್ಟಳೆಗಳು. ಸಿಂಟ್ಯಾಕ್ಸ್ ನೋಡಿಕೊಳ್ಳುವ ಭಾಗಕ್ಕೆ ಉಳಿದ ಪ್ರಾಜೆಕ್ಟ್ ಇದೆ ಅನ್ನುವುದೇ ಗೊತ್ತಿರಬಾರದು. ಎಡಿಟರ್ ಜೊತೆ ಮಾತಾಡುವ ಪ್ರೊಟೊಕಾಲ್ ಹೊರಗಿನ ಒಂದೇ ಒಂದು ಪದರಕ್ಕೆ ಮಾತ್ರ ಗೊತ್ತಿರಬೇಕು. ಅರೆಬರೆ ಬರೆದ ಕೋಡ್ ಕೊಟ್ಟರೂ ಪಾರ್ಸರ್ ಕೈ ಚೆಲ್ಲಿ ಕೂರಬಾರದು, ಸಿಕ್ಕಷ್ಟು ಮರ ಕಟ್ಟಿ, ತಪ್ಪುಗಳ ಪಟ್ಟಿಯನ್ನು ಪಕ್ಕದಲ್ಲಿ ಕೊಡಬೇಕು.

ಗಮನಿಸಿ, ಇದರಲ್ಲಿ ಹೆಚ್ಚಿನವು 'ಇಲ್ಲ'ಗಳು. ಗೊತ್ತಿರಬಾರದು, ಮುಟ್ಟಬಾರದು, ಸೋಲಬಾರದು. ಇಲ್ಲದ್ದನ್ನು ಕೋಡಿನಲ್ಲಿ ಓದುವುದು ಹೇಗೆ? ಲಕ್ಷ ಸಾಲು ಓದಿದರೂ 'ಇಲ್ಲಿ ಪ್ರೊಟೊಕಾಲ್ ಹೆಸರು ಬಂದಿಲ್ಲ, ಬಹುಶಃ ಬೇಕೆಂದೇ ಬಿಟ್ಟಿದ್ದಾರೆ' ಅಂತ ಯಾರಿಗೆ ಹೊಳೆಯುತ್ತೆ? ಕ್ಲಾಡೋವ್ ಕೂಡ ಇದನ್ನೇ ಎತ್ತಿ ಹೇಳುತ್ತಾರೆ. 'ಕೋಡೇ ಡಾಕ್ಯುಮೆಂಟು' ಅನ್ನುವವರ ವಾದ ಮುರಿದು ಬೀಳುವುದು ಇಲ್ಲೇ.

ಕನ್ನಡದವರಿಗೆ ನೇರವಾಗಿ ತಟ್ಟುವ ಇನ್ನೊಂದು ಉದಾಹರಣೆ ಕೊಡುತ್ತೇನೆ. ಒಂದೊಂದು ಎಡಿಟರ್‌ಗೂ ಒಂದೊಂದು ಭಾಷೆಗೂ ಬೇರೆ ಬೇರೆ ಪ್ಲಗಿನ್ ಬರೆಯುವ ಗೋಳು ತಪ್ಪಿಸಲು 2016ರಲ್ಲಿ ಮೈಕ್ರೋಸಾಫ್ಟ್ ಮತ್ತು ಜೊತೆಗಾರ ಕಂಪನಿಗಳು ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಹೊರತಂದವು. ಎಡಿಟರ್ ಮತ್ತು ಭಾಷೆಯ ಸರ್ವರ್ ನಡುವಿನ ಒಪ್ಪಂದ ಅದು. ಸಾಲಿನಲ್ಲಿ ತಪ್ಪು ಎಷ್ಟನೇ ಅಕ್ಷರದಲ್ಲಿದೆ ಅಂತ ಹೇಳಬೇಕಲ್ಲ, ಆ ಎಣಿಕೆ ಯುಟಿಎಫ್-16 ಲೆಕ್ಕದಲ್ಲಿರಬೇಕು ಅನ್ನುವುದು ಅದರ ಮೂಲ ನಿಯಮ. ಆದರೆ ಎಷ್ಟೋ ಸರ್ವರ್‌ಗಳು ಒಳಗೆ ಯುಟಿಎಫ್-8ರಲ್ಲಿ ಬೈಟ್ ಎಣಿಸುತ್ತವೆ. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಸಂಖ್ಯೆ ಕೊಡುತ್ತವೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಈಗ ಅದೇ ಸಾಲಿನಲ್ಲಿ, ತಪ್ಪಿಗಿಂತ ಮುಂಚೆ, 'ಕನ್ನಡ' ಅಂತ ಒಂದು ಪದದ ಕಾಮೆಂಟ್ ಬರೆಯಿರಿ. ಕಣ್ಣಿಗೆ ಅದು ಮೂರಕ್ಷರ. ಯುಟಿಎಫ್-16ರಲ್ಲಿ 5. ಯುಟಿಎಫ್-8ರಲ್ಲಿ 15. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವುದನ್ನು ಯಾರಾದರೂ ಮರೆತಿದ್ದರೆ, ಕೆಂಪು ಗೆರೆ ತಪ್ಪಿನ ಕೆಳಗೆ ಬರದೆ 10 ಜಾಗ ಆಚೆ ಹೋಗಿ ಕೂರುತ್ತದೆ.

ಬೈಟ್ ಲೆಕ್ಕದಿಂದ ಯುಟಿಎಫ್-16ಕ್ಕೆ ಬದಲಾಯಿಸುವ ಹೊಣೆ ಯಾವ ಪದರದ್ದು? ಹೊರಗಿನ ಪದರದ್ದೋ, ಒಳಗಿನದ್ದೋ? ಈ ಒಂದು ವಾಕ್ಯ ಬರೆದಿಲ್ಲದ ಪ್ಲಗಿನ್‌ನಲ್ಲಿ ಅದನ್ನು ಇಬ್ಬರೂ ಮಾಡುತ್ತಾರೆ, ಇಲ್ಲವೇ ಯಾರೂ ಮಾಡುವುದಿಲ್ಲ. 2022ರ 3.17 ಆವೃತ್ತಿಯಲ್ಲಿ, ಯಾವ ಲೆಕ್ಕ ಬಳಸೋಣ ಅಂತ ಎರಡೂ ಕಡೆಯವರು ಮೊದಲೇ ಮಾತಾಡಿಕೊಳ್ಳುವ ವ್ಯವಸ್ಥೆ ಬಂತು. ಒಳ್ಳೆಯದೇ. ಆದರೆ ನಿಮ್ಮ ಪ್ಲಗಿನ್ ಏನು ಒಪ್ಪಿಕೊಂಡಿದೆ, ಯಾಕೆ ಅನ್ನುವುದನ್ನು ಪ್ರೊಟೊಕಾಲ್ ಬಂದು ಬರೆದುಕೊಡುವುದಿಲ್ಲ. ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ ಅಂದುಕೊಂಡವರ ಮೌನಕ್ಕೆ ಬೆಲೆ ತೆರುವವರು ಕನ್ನಡದಲ್ಲೋ ತಮಿಳಲ್ಲೋ ಕಾಮೆಂಟ್ ಬರೆದವರು.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು: "ಡಾಕ್ಯುಮೆಂಟ್ ಹಳಸಿ ಹೋಗುತ್ತೆ." ಹೌದು, ನೀವು ಬರೆಯುವಂಥವು ಹಳಸುತ್ತವೆ. ಅರವತ್ತು ಪುಟದ ವರ್ಡ್ ಟೆಂಪ್ಲೇಟು, ಮೊದಲ ನಾಲ್ಕು ಪುಟ ಯಾರು ಯಾವಾಗ ಸಹಿ ಹಾಕಿದರು ಅನ್ನುವ ಕೋಷ್ಟಕ, ಆಮೇಲೆ ಒಂದೊಂದು ಕ್ಲಾಸಿಗೂ ಒಂದೊಂದು ಡಬ್ಬಿ ಎಳೆದ ಚಿತ್ರ. ಅದಿಲ್ಲದಿದ್ದರೆ ಟೂಲ್ ಹಾಕಿ ತೆಗೆದ, 'ಗೆಟ್‌ನೇಮ್: ಹೆಸರನ್ನು ಕೊಡುತ್ತದೆ' ಅನ್ನುವ ಥರದ ನೂರಾರು ಪುಟ. ಇವು ಹಳಸುವುದಿರಲಿ, ಹುಟ್ಟುವಾಗಲೇ ತಂಗಳು. ಕೋಡ್ ಹೇಳಿದ್ದನ್ನೇ ಕೆಟ್ಟದಾಗಿ ಮತ್ತೆ ಹೇಳುವ ಡಾಕ್ಯುಮೆಂಟನ್ನು ಸುಟ್ಟು ಹಾಕಿ, ಕಡ್ಡಿ ನಾನೇ ಗೀರುತ್ತೇನೆ. ಆದರೆ 'ಸೇವ್ ಹೊತ್ತಿನಲ್ಲಿ ಒಂದೂವರೆ ಸೆಕೆಂಡ್ ಮಾತ್ರ ಇದೆ, ಅದಕ್ಕೇ ಬದಲಾದ ಸಾಲಷ್ಟೇ ಮುಟ್ಟುತ್ತೇವೆ' ಅನ್ನುವ ವಾಕ್ಯ ಆ ತೀರ್ಮಾನ ಬದಲಾಗುವವರೆಗೂ ಹಳಸುವುದಿಲ್ಲ. ಬದಲಾದ ದಿನ ಒಂದು ವಾಕ್ಯ ತಿದ್ದಿದರೆ ಆಯಿತು.

ಎರಡನೆಯದು: "ನಾವು ಅಜೈಲ್, ಡಾಕ್ಯುಮೆಂಟ್ ಎಲ್ಲ ಹಳೇ ಕಾಲ." 2001ರ ಅಜೈಲ್ ಪ್ರಣಾಳಿಕೆಯನ್ನು ಒಮ್ಮೆ ಪೂರ್ತಿ ಓದಿ ಮಾರಾಯ್ರೇ, ಒಂದು ಪುಟ ಕೂಡ ಇಲ್ಲ. ಭಾರೀ ಡಾಕ್ಯುಮೆಂಟಿಗಿಂತ ಓಡುವ ಸಾಫ್ಟ್‌ವೇರ್ ಹೆಚ್ಚು ಅಂತ ಅದು ಹೇಳುವುದು ನಿಜ. ಡಾಕ್ಯುಮೆಂಟಿಗೂ ಬೆಲೆ ಇದೆ ಅಂತ ಅದೇ ಪುಟದಲ್ಲಿ ಇದೆ. ಬೇಕಾದ ಅರ್ಧ ಇಟ್ಟುಕೊಂಡು ಬೇಡದ ಅರ್ಧ ನುಂಗಿದ್ದು ನಾವು.

ಮೂರನೆಯದು ಇತ್ತೀಚಿನದು: "ಎಐಗೆ ಕೇಳಿದ್ರೆ ಬರೆದು ಕೊಡುತ್ತಪ್ಪ." ಕೊಡುತ್ತೆ, ನಾನೂ ಬಳಸುತ್ತೇನೆ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತೆ ಅನ್ನುವುದನ್ನು ಸೊಗಸಾಗಿ ವಿವರಿಸುತ್ತೆ. ಆದರೆ ಅದು ಓದುವುದೂ ಅದೇ ಕೋಡನ್ನು. ಬರೆದವನ ತಲೆಯಲ್ಲಿದ್ದ ಕಾರಣ ರೆಪೊದಲ್ಲಿ ಇಲ್ಲದಿದ್ದರೆ ಅದು ಎಲ್ಲಿಂದ ತಂದೀತು? ಹೆಚ್ಚೆಂದರೆ ಒಂದು ಕಾರಣ ಕಟ್ಟಿ ಹೇಳೀತು. ಓದಲು ನಿಜದ ಹಾಗೇ ಇರುತ್ತೆ, ಅದೇ ಅಪಾಯ. ಕಾರಣ ಬರೆದಿಟ್ಟವರ ರೆಪೊದಲ್ಲಿ ಎಐ ಕೂಡ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನುವುದನ್ನು ಈ ವಾದ ಹೂಡುವವರು ಗಮನಿಸಲಿ.

ನಾಲ್ಕನೆಯ ಆಕ್ಷೇಪ ಗಂಭೀರವಾದದ್ದು, ಮತ್ತು ಅದನ್ನು ಎತ್ತಿದವರು ದೊಡ್ಡವರು. ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಒಂದು ಪ್ರಬಂಧ ಬರೆದರು. ಪ್ರೋಗ್ರಾಮ್ ಅಂದರೆ ಅದರ ಪಠ್ಯವಲ್ಲ, ಬರೆದವರ ತಲೆಯಲ್ಲಿರುವ ತಿಳಿವಳಿಕೆ. ಆ ತಂಡ ಚದುರಿದರೆ ಪ್ರೋಗ್ರಾಮ್ ಸತ್ತ ಹಾಗೆ, ಯಾವ ಡಾಕ್ಯುಮೆಂಟೂ ಅದನ್ನು ಬದುಕಿಸಲಾರದು ಅನ್ನುವುದು ಅವರ ವಾದ. ಉದಾಹರಣೆಗೆ ಒಂದು ಕಂಪೈಲರ್ ಕತೆ ಹೇಳುತ್ತಾರೆ. ಮೊದಲ ತಂಡ ಕಟ್ಟಿದ ಕಂಪೈಲರನ್ನು ಎರಡನೇ ತಂಡ ಬೆಳೆಸಲು ಹೊರಟಿತು. ಪೂರ್ತಿ ಡಾಕ್ಯುಮೆಂಟ್ ಕೈಯಲ್ಲಿತ್ತು. ಆದರೂ ಅವರು ಸೂಚಿಸಿದ ಬದಲಾವಣೆಗಳು ಮೂಲದ ವಿನ್ಯಾಸವನ್ನೇ ಕೆಡಿಸುವಂತಿದ್ದವು. ಮೊದಲ ತಂಡದವರು ನೋಡಿದ ತಕ್ಷಣ ಅದನ್ನು ಗುರುತಿಸಿ, ಸರಳವಾದ ದಾರಿ ತೋರಿಸಿದರು.

ನೌರ್ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು 'ಹಾಗಾಗಿ ಬರೆಯುವುದೇ ಬೇಡ' ಅಂತ ಓದುವವರಿಗೆ ಒಂದು ಪ್ರಶ್ನೆ. ನೌರ್ ಕತೆಯಲ್ಲಿ ಮೊದಲ ತಂಡ ಕೇಳಿದಾಗ ಸಿಗುತ್ತಿತ್ತು. ನಮ್ಮ ಬೆಂಗಳೂರಲ್ಲಿ ಮೊದಲ ತಂಡ ಎಲ್ಲಿದೆ? ನೋಟಿಸ್ ಪೀರಿಯಡ್ ಮುಗಿಸಿ, ಕೊನೆಯ ವಾರ ಎರಡು ಕೆಟಿ ಸೆಷನ್ ಕೊಟ್ಟು, ಲ್ಯಾಪ್‌ಟಾಪ್ ಒಪ್ಪಿಸಿ ಹೋಗಿಯಾಗಿದೆ. ಆ ಕೆಟಿ ಸೆಷನ್‌ನ ರೆಕಾರ್ಡಿಂಗನ್ನು ಯಾರಾದರೂ ಪೂರ್ತಿ ನೋಡಿದ್ದು ನಿಮಗೆ ಗೊತ್ತೇ? ಬರಹದಿಂದ ಈಜು ಬರುವುದಿಲ್ಲ, ನಿಜ. ಆದರೆ ಹೊಳೆ ದಂಡೆಯಲ್ಲಿ 'ಇಲ್ಲಿ ಸುಳಿ ಇದೆ' ಅಂತ ಒಂದು ಬೋರ್ಡ್ ಹಾಕಲು ಯಾರೂ ಈಜು ಕಲಿಸಬೇಕಾಗಿಲ್ಲ.

ನಾನು ಕೇಳುವುದು ಎರಡು ಪುಟ, ಅಷ್ಟೇ. ಈ ಪ್ಲಗಿನ್ ಏನು ಮಾಡುತ್ತೆ, ಮುಖ್ಯವಾಗಿ ಏನು ಮಾಡುವುದಿಲ್ಲ. ಎಡಿಟರ್ ಇದನ್ನು ಯಾವಾಗ ಎಬ್ಬಿಸುತ್ತೆ, ಯಾಕೆ ಆಗಲೇ. ಎಷ್ಟು ಪ್ರೊಸೆಸ್ ಇವೆ, ಒಂದು ಸತ್ತರೆ ಉಳಿದವಕ್ಕೆ ಏನಾಗುತ್ತೆ. ಒಂದು ಕೀ ಒತ್ತಿದಲ್ಲಿಂದ ಪರದೆಯಲ್ಲಿ ಉತ್ತರ ಕಾಣುವವರೆಗಿನ ದಾರಿ, ಮುಖ್ಯ ಫೈಲುಗಳ ಹೆಸರಿನ ಸಮೇತ. ಮುರಿಯಬಾರದ ಕಟ್ಟಳೆ ನಾಲ್ಕೈದು. ಪ್ರಯತ್ನಿಸಿ ಕೈಬಿಟ್ಟ ದಾರಿ ಎರಡು ಮೂರು, ಕಾರಣದ ಜೊತೆ. ಈ ಕೊನೆಯದಕ್ಕೆ ಮೈಕೆಲ್ ನೈಗಾರ್ಡ್ 2011ರಲ್ಲೇ ಒಂದು ಸುಲಭದ ಅಚ್ಚು ಕೊಟ್ಟಿದ್ದಾರೆ: ಸಂದರ್ಭ ಏನಿತ್ತು, ಏನು ತೀರ್ಮಾನಿಸಿದೆವು, ಅದರ ಪರಿಣಾಮವೇನು. ಒಂದು ತೀರ್ಮಾನಕ್ಕೆ ಒಂದು ಪುಟ್ಟ ಫೈಲ್, ಕೋಡ್ ಇರುವಲ್ಲೇ. ಆ ಮೇಲೆ ರಿವ್ಯೂನಲ್ಲಿ ಒಂದೇ ನಿಯಮ: ಪದರಗಳ ಗಡಿ ಬದಲಿಸುವ ಕೋಡ್ ಬಂದು ಆ ಎರಡು ಪುಟ ಬದಲಾಗದಿದ್ದರೆ ಮರ್ಜ್ ಇಲ್ಲ. ಟೆಸ್ಟ್ ಇಲ್ಲದೆ ಬಂದರೆ ವಾಪಸ್ ಕಳಿಸುತ್ತೀರಲ್ಲ, ಹಾಗೇ.

ಇದಕ್ಕೂ ಟೈಮ್ ಇಲ್ಲ ಅನ್ನುವವರ ಬಗ್ಗೆ ನನಗೊಂದು ಅನುಮಾನ ಇದೆ, ಹೇಳಿಬಿಡುತ್ತೇನೆ. ಎಷ್ಟೋ ಕಡೆ ಸಮಸ್ಯೆ ಟೈಮಿನದಲ್ಲ. "ಅದನ್ನ ಅವರನ್ನೇ ಕೇಳಬೇಕು" ಅನ್ನಿಸಿಕೊಳ್ಳುವುದರಲ್ಲಿ ಒಂದು ಸುಖ ಇದೆ. ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವ ಯಜಮಾನಿಕೆ ಅದು. ಅಪ್ರೈಸಲ್ ಹೊತ್ತಿಗೆ ಅನುಕೂಲವೂ ಹೌದು. ಆದರೆ ಅದೇ ಬೀಗದ ಕೈ ಮದುವೆ ಮನೆಯಲ್ಲೂ ಫೋನ್ ಮಾಡಿಸುತ್ತೆ, ಆಸ್ಪತ್ರೆಯ ಕಾರಿಡಾರಿನಲ್ಲೂ ಲ್ಯಾಪ್‌ಟಾಪ್ ತೆರೆಸುತ್ತೆ. ಬರೆದಿಟ್ಟವರಿಗೆ ರಜೆ ಇದೆ. ಬರೆಯದವರಿಗೆ ಬರೀ ಪ್ರಾಮುಖ್ಯ ಇದೆ.

ಮತ್ತೆ ಯೋಚಿಸಿ, ಆಫೀಸಿನ ಒಳಗಿರುವ ನಮಗೆ ಕೇಳಲು ಪಕ್ಕದ ಸೀಟು ಇದೆ, ಕಾಫಿ ಮೆಷಿನ್ ಇದೆ. ಓಪನ್ ಸೋರ್ಸ್ ಪ್ಲಗಿನ್ ಒಂದಕ್ಕೆ ಕೈ ಹಾಕಲು ಹೊರಟ ಹಾಸನದ್ದೋ ಕಲಬುರಗಿಯದ್ದೋ ವಿದ್ಯಾರ್ಥಿಗೆ ಅದ್ಯಾವುದೂ ಇಲ್ಲ. ಕಾರಿಡಾರಿನ ಮಾತು ಅವರ ಕಿವಿಗೆ ಬೀಳುವುದಿಲ್ಲ. ಕನ್ನಡದ ಸಾಲಿನಲ್ಲಿ ಕೆಂಪು ಗೆರೆ ತಪ್ಪಾದ ಜಾಗದಲ್ಲಿ ಬರುವುದನ್ನು ಮೊದಲು ಗಮನಿಸುವವರು ಅವರೇ. ಸರಿಮಾಡುವ ಹುಮ್ಮಸ್ಸೂ ಅವರಿಗಿದೆ. ಆದರೆ ಒಳಗೆ ಬರುವ ಬಾಗಿಲು ಎಲ್ಲಿ ಅಂತ ಯಾರೂ ಬರೆದಿಲ್ಲ. ಎರಡು ಸಂಜೆ ತಡಕಾಡಿ, ಇದು ನಮ್ಮಂಥವರಿಗಲ್ಲ ಅಂತ ಸುಮ್ಮನಾಗುತ್ತಾರೆ. ನಮ್ಮ ಭಾಷೆಗೆ ಆಗಬೇಕಿದ್ದ ಒಂದು ರಿಪೇರಿ ಅಲ್ಲಿಗೆ ನಿಲ್ಲುತ್ತೆ, ಮತ್ತು ಅದು ನಿಂತಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ "ಕೋಡ್ ನೋಡಿದ್ರೆ ಗೊತ್ತಾಗುತ್ತೆ" ಅಂದರೆ, ವಾದ ಮಾಡಬೇಡಿ. ಅವರದೇ ಪ್ಲಗಿನ್ ತೆರೆದು, ಆರು ತಿಂಗಳ ಹಿಂದೆ ಅವರೇ ಬರೆದ ಯಾವುದಾದರೂ ವಿಚಿತ್ರವಾದ ಸಾಲು ತೋರಿಸಿ, ಇದು ಯಾಕೆ ಹೀಗಿದೆ ಅಂತ ಕೇಳಿ. ಉತ್ತರ ಬಂದರೆ ಪಕ್ಕದಲ್ಲೇ ಕೂತು ಅದನ್ನು ಬರೆಸಿ. ಬರದಿದ್ದರೆ ಅವರ ಸಿದ್ಧಾಂತಕ್ಕೆ ಅಲ್ಲೇ ಉತ್ತರ ಸಿಕ್ಕಿತು.